ತಲಾ ವರಮಾನದ ಮೇಷ್ಟ್ರು

ಕೃಷ್ಣಮೂರ್ತಿಪುರಂನ ಆ ಓಣಿಯಲ್ಲಿ ಚಂದ್ರಮೌಳಿ ಮೇಷ್ಟ್ರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂಬ ಭಯ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಈರುಳ್ಳಿ ಬೆಲೆ ಕೇಳಿದವರನ್ನೂ ಬಡ ದೇಶ ಯಾಕೆ ಬಡ, ಶ್ರೀಮಂತ ದೇಶದೊಳಗೂ ಬಡವರು ಯಾಕೆ ಎಂಬಲ್ಲಿಗೆ ಮುಟ್ಟಿಸಿಯೇ ಬಿಡುತ್ತಿದ್ದರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಒಂದು ರೇಡಿಯೋ ಇತ್ತು, ಅದೂ ಇವರ ಮಾತು ಕೇಳುವಂಥದಲ್ಲ.

ಅಂಥವರ ಮನೆ ಸರ್ಕಾರದ ವರಮಾನ ಸರ್ವೆಗೆ ಆಯ್ಕೆಯಾಗಿತ್ತು. ಚೀಟಿ ಎತ್ತಿದ ಹಾಗೆ ಓಣಿಯಲ್ಲಿ ಮೂರು ಮನೆ ಆರಿಸಿದ್ದರು. ಮೇಷ್ಟ್ರದು, ಪಕ್ಕದ ಸದಾಶಿವಯ್ಯನವರದು, ಎದುರಿನ ಸೆಲ್ವರಾಜ್ ಅವರದು. ಸರ್ವೆಯವರು ಗಂಟೆಗಟ್ಟಲೆ ಕೂತು ಪ್ರಶ್ನೆ ಕೇಳುತ್ತಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಏನು ತಿಂದಿರಿ, ಏನು ಕೊಂಡಿರಿ ಎಂದು ಒಬ್ಬರು ತನ್ನ ಮುಖ ನೋಡಿ ಕೇಳುತ್ತಾರಲ್ಲ ಎಂಬ ಸಂಭ್ರಮದಲ್ಲಿ ಸರ್ವೆಯ ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ಎದ್ದವರೇ ಮನೆ ಒರೆಸಿ, ಎರಡನೇ ಕುರ್ಚಿಯ ಮೇಲಿದ್ದ ಪೇಪರ್ ಕಟ್ಟು ಇಳಿಸಿ, ಕಾಫಿಪುಡಿ ತರಲು ಹೊರಟರು.

ಸದಾಶಿವಯ್ಯನವರ ಹೆಂಡತಿ ಗಿರಿಜಾಂಬಾ ಗೇಟಿನಲ್ಲೇ ತಡೆದರು.

"ಮೇಷ್ಟ್ರೇ, ಈ ಸರ್ವೆಯಿಂದ ನಮ್ಮ ರೇಷನ್ ಕಾರ್ಡ್‌ಗೇನೂ ತೊಂದ್ರೆ ಆಗಲ್ವಾ?"

ಸದಾಶಿವಯ್ಯನವರದು ವಿಭೂತಿ, ಊದುಬತ್ತಿಯ ಅಂಗಡಿ. ವ್ಯಾಪಾರ ಚೆನ್ನಾಗಿತ್ತು, ಬಡವರ ರೇಷನ್ ಕಾರ್ಡೂ ಇತ್ತು. ಎರಡೂ ಒಂದೇ ಮನೆಯಲ್ಲಿರಬಾರದಾಗಿತ್ತು, ಅಷ್ಟೇ.

"ಏನೂ ಆಗಲ್ಲಮ್ಮ. ಇದು ಬರೀ ಅಸಮಾನತೆ ಅಳೆಯೋಕೆ. ಒಂದು ಒಲೇಲಿ ಉಣ್ಣೋರೆಲ್ಲ ಒಂದು ಕುಟುಂಬ. ಒಟ್ಟು ವರಮಾನಾನ ತಲೆ ಲೆಕ್ಕದಲ್ಲಿ ಭಾಗ ಮಾಡ್ತಾರೆ. ದೇಶ ದೇಶ ಹೋಲಿಸೋವಾಗ್ಲೂ ಹಾಗೇನೇ, ಅದೇ ವರಮಾನಕ್ಕೆ ಜನ ಜಾಸ್ತಿ ಆದ್ರೆ ತಲೆಗೆ ಬರೋದು ಕಮ್ಮಿ. ಈಗ ನೋಡಿ, ನೂರು ಜನಾನ ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿದ್ರೆ..."

ಗಿರಿಜಾಂಬಾ ಆ ನೂರು ಜನರವರೆಗೆ ಹೋಗಲೇ ಇಲ್ಲ. ಜನ ಜಾಸ್ತಿಯಾದರೆ ಕಮ್ಮಿ ಎಂಬಲ್ಲೇ ನಿಂತುಬಿಟ್ಟರು. ಮೇಷ್ಟ್ರ ಕಾಲರ್ ಹರಿದ ಅಂಗಿಯನ್ನೂ ಸವೆದ ಚಪ್ಪಲಿಯನ್ನೂ ಮೊದಲ ಸಲ ನೋಡುವವರಂತೆ ನೋಡಿದರು. ಹೊಸ ಅಂಗಿ ಹಾಕಿಕೊಂಡರೂ ನೋಡುವವರು ಯಾರು ಎಂದು ಮೇಷ್ಟ್ರು ಹೊಲಿಸಿರಲಿಲ್ಲ. ಅದು ಗಿರಿಜಾಂಬಾಗೆ ಹೇಗೆ ಗೊತ್ತಾಗಬೇಕು?

"ಒಳಗೆ ಬನ್ನಿ, ಇಡ್ಲಿ ಬಿಸಿಯಾಗಿದೆ. ಇಷ್ಟು ವರ್ಷ ಪಕ್ಕದಲ್ಲಿದೀರಿ, ನೀವೇನು ಬೇರೆಯೋರಾ?"

ಯಾಕೆ ಕರೆದರೆಂದು ಮೇಷ್ಟ್ರಿಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಎರಡನೇ ಇಡ್ಲಿಯ ಹೊತ್ತಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಆದರೆ ಅಷ್ಟರಲ್ಲಿ ಆ ಮನೆಯ ಮಗಳು ಲಾಸ್ಯ, "ಇನ್ನೊಂದು ಹಾಕ್ಕೊಳಿ ದೊಡ್ಡಪ್ಪ" ಎಂದಳು. ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಇದು ತಪ್ಪು ಲೆಕ್ಕ ಎಂದು ಹೇಳಬೇಕಾದ ಬಾಯಿ ಇನ್ನಷ್ಟು ಚಟ್ನಿ ಕೇಳಿತು.

ಲಾಸ್ಯ ಈ ತಲೆ ಸೇರಿಸುವ ಉಪಾಯವನ್ನು ಎದುರು ಮನೆಯ ಗೆಳತಿ ಜೆನ್ನಿಗೆ ಹೇಳಿದಳು, ಜೆನ್ನಿ ತನ್ನ ತಾಯಿ ಮಾರ್ಗರೇಟ್‌ಗೆ ಹೇಳಿದಳು. ಸೆಲ್ವರಾಜ್‌ಗೆ ಬೇಕರಿ ಇತ್ತು, ಅದರ ಜೊತೆಗೆ ಅದೇ ಬಣ್ಣದ ರೇಷನ್ ಕಾರ್ಡೂ ಇತ್ತು. ಮಧ್ಯಾಹ್ನಕ್ಕೆ ಮುಂಚೆಯೇ ಅವರು ಬಂದು ಮೇಷ್ಟ್ರ ಕೈ ಹಿಡಿದುಕೊಂಡರು.

"ಸರ್, ನಿಮಗೋಸ್ಕರ ಮಾರ್ಗರೇಟ್ ಇವತ್ತು ಮೀನು ಬಿಟ್ಟು ತರಕಾರಿ ಕುರ್ಮಾ ಮಾಡಿದಾಳೆ. ಬರಲ್ಲ ಅಂದ್ರೆ ಅತ್ತುಬುಡ್ತಾಳೆ."

ಯಾರನ್ನೂ ಅಳಿಸುವ ಜಾಯಮಾನ ಮೇಷ್ಟ್ರದಲ್ಲ. ಅಲ್ಲೂ ಉಂಡರು. ಊಟವಾಗುವಷ್ಟರಲ್ಲಿ ಮಾರ್ಗರೇಟ್ ಮೇಷ್ಟ್ರ ದಿಂಬನ್ನೂ ಹಲ್ಲುಜ್ಜುವ ಬ್ರಷ್ಷನ್ನೂ ತನ್ನ ಮನೆಗೆ ತಂದಿಟ್ಟುಕೊಂಡಿದ್ದರು.

ದಿಂಬು ರಸ್ತೆ ದಾಟಿದ್ದನ್ನು ಸದಾಶಿವಯ್ಯ ಅಂಗಡಿಯಿಂದ ಬರುವಾಗಲೇ ಕಂಡರು. "ದಿಂಬು ಯಾವ ಲೆಕ್ಕ? ಒಲೆ ಎಲ್ಲಿರುತ್ತೋ ಅಲ್ಲೇ ಕುಟುಂಬ. ಮೇಷ್ಟ್ರೇ ಹೇಳಿದಾರೆ" ಎಂದು ಮೇಷ್ಟ್ರ ಗ್ಯಾಸ್ ಒಲೆ, ಸಿಲಿಂಡರ್ ಎರಡನ್ನೂ ತಮ್ಮ ಮನೆಗೆ ಸಾಗಿಸಿದರು. ಸಿಲಿಂಡರಿನ ಇನ್ನೊಂದು ಬದಿ ಹಿಡಿದವರು ಮೇಷ್ಟ್ರೇ.

ಸರ್ವೆಯ ಹುಡುಗಿ ಅನುಪಮಾ ಟ್ಯಾಬ್ ಹಿಡಿದು ಬಂದಾಗ ಮೇಷ್ಟ್ರ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಇಣುಕಿದಳು. ಒಲೆ ಇಲ್ಲ, ಹಾಸಿಗೆಗೆ ದಿಂಬಿಲ್ಲ.

"ಈ ಮನೇಲಿ ಯಾರಿದಾರೆ?"

"ಯಾರೂ ಇಲ್ಲ ಕಣಮ್ಮ" ಎಂದರು ಗಿರಿಜಾಂಬಾ. "ಯಾರೂ ಇಲ್ಲ" ಎಂದರು ಮಾರ್ಗರೇಟ್. ಇಬ್ಬರ ನಡುವೆ ನಿಂತಿದ್ದ ಮೇಷ್ಟ್ರು ಬಾಯಿ ತೆರೆದರು, ಹಾಗೇ ಮುಚ್ಚಿದರು. ಅನುಪಮಾ ಟ್ಯಾಬಿನಲ್ಲಿ ಏನೋ ಒತ್ತಿ ಸದಾಶಿವಯ್ಯನವರ ಜಗಲಿಗೆ ಬಂದಳು.

"ಈ ಯಜಮಾನರು ಯಾರ ಮನೆಯೋರು?"

"ನಮ್ಮನೆಯೋರು" ಎಂದು ಎರಡೂ ದಂಪತಿಗಳು ಒಟ್ಟಿಗೆ ಹೇಳಿದರು. ಆಮೇಲೆ ಜಗಳ ಶುರುವಾಯಿತು. ಒಲೆ ನಮ್ಮಲ್ಲಿದೆ ಎಂದು ಇವರು, ಬ್ರಷ್ ನಮ್ಮಲ್ಲಿದೆ ಎಂದು ಅವರು. ತನಗಾಗಿ ನಾಲ್ಕು ಜನ ಕಿತ್ತಾಡುವುದನ್ನು ಕೇಳುತ್ತಾ ಮೇಷ್ಟ್ರು ಕೂತಿದ್ದರು. ಜೀವಮಾನದಲ್ಲಿ ಅಷ್ಟು ಸುಖವಾಗಿ ಎಲ್ಲೂ ಕೂತಿರಲಿಲ್ಲ.

"ಅದನ್ನ ಆಮೇಲೆ ನೋಡೋಣ" ಎಂದಳು ಅನುಪಮಾ. "ಸರ್, ನಿಮಗೇನಾದ್ರೂ ವರಮಾನ ಇದೆಯಾ?"

"ಪಾಪ, ಅವರಿಗೇನು ಬರುತ್ತೆ ಬುಡಮ್ಮ, ಸೊನ್ನೆ ಅಂತ ಬರ್ಕೊಳಿ" ಎಂದರು ಗಿರಿಜಾಂಬಾ.

ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ರಾತ್ರಿ ಊಟವಿತ್ತು, ನಾಳೆಯೂ ಲಾಸ್ಯಳ ಬಾಯಲ್ಲಿ ದೊಡ್ಡಪ್ಪ ಎಂಬ ಮಾತಿತ್ತು. ಆದರೆ ಜನ ವರಮಾನ ಮುಚ್ಚಿಡುವುದರಿಂದಲೇ ಯಾವ ದೇಶದ ಅಸಮಾನತೆಯೂ ಸರಿಯಾಗಿ ಅಳತೆಗೆ ಸಿಗುವುದಿಲ್ಲವೆಂದು ನಿವೃತ್ತಿಯ ದಿನದವರೆಗೂ ಪಾಠ ಹೇಳಿದವರು. ಅಂದು ಕ್ಲಾಸಿನಲ್ಲಿ ಕೇಳಿಸಿಕೊಂಡವರು ತಾವೊಬ್ಬರೇ ಆಗಿದ್ದಿರಬಹುದು, ಆದರೆ ಕೇಳಿಸಿಕೊಂಡದ್ದು ನಿಜ.

"ಪೆನ್ಷನ್ ಎಂಬತ್ತೊಂದು ಸಾವಿರ" ಎಂದರು.

"ವರ್ಷಕ್ಕಲ್ವಾ ಸರ್?" ಸೆಲ್ವರಾಜ್ ದನಿಯಲ್ಲಿ ಇನ್ನೂ ಆಸೆಯಿತ್ತು.

"ತಿಂಗಳಿಗೆ."

ತಲೆಯ ಜೊತೆಗೆ ಅಷ್ಟು ದೊಡ್ಡ ವರಮಾನವೂ ಬಂದರೆ ಭಾಗಾಕಾರ ಏನಾಗುತ್ತದೆಂದು ಗಿರಿಜಾಂಬಾಗೆ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿರಲಿಲ್ಲ.

"ಬೆಳಿಗ್ಗೆ ಇಡ್ಲಿ ತಿಂದು ಹೋಗೋಕೆ ಬಂದಿದ್ರು ಕಣಮ್ಮ, ಅಷ್ಟೇ. ನಮಗೂ ಅವರಿಗೂ ಏನು ಸಂಬಂಧ?"

"ಆ ಬ್ರಷ್ ನಂದೇ ಮೇಡಂ" ಎಂದರು ಸೆಲ್ವರಾಜ್. ಮಾರ್ಗರೇಟ್ ಮುಖ ಸಿಂಡರಿಸಿದರೂ ಅಲ್ಲ ಎನ್ನಲಿಲ್ಲ.

ಎರಡೂ ಮನೆಯ ಸರ್ವೆ ಮುಗಿಯುವವರೆಗೆ ಮೇಷ್ಟ್ರು ಗೇಟಿನ ಹೊರಗೆ ಕಾದರು. ಅನುಪಮಾ ಬಂದ ಕೂಡಲೇ, "ಬಾಮ್ಮ, ಇನ್ನು ನಮ್ಮನೆ. ಕುರ್ಚಿ ಒರೆಸಿಟ್ಟಿದೀನಿ" ಎಂದರು.

"ಅದು ಖಾಲಿ ಮನೆ ಅಂತ ಹಾಕ್ಬಿಟ್ಟೆ ಸರ್. ಬದಲಿ ಮನೇನೂ ಬಂದ್ಬಿಟ್ಟಿದೆ. ವಾಪಸ್ ತೆಗೆಯೋಕಾಗಲ್ಲ."

"ನಾನಿದೀನಲ್ಲಮ್ಮ."

"ಯಾರೂ ಇಲ್ಲ ಅಂದಾಗ ನೀವೂ ಅಲ್ಲೇ ಇದ್ರಿ ಸರ್. ಸುಮ್ನಿದ್ರಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವಳು ಓಣಿಯ ಕೊನೆಯ ಮನೆಗೆ ಹೋದಳು. ಅದು ಶಿವಲಿಂಗಯ್ಯನವರದು. ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು, ಒಬ್ಬಿಬ್ಬರು ನೆಂಟರು ಸದಾ ತುಂಬಿರುವ ಮನೆ. ಸದಾಶಿವಯ್ಯ ಒಲೆ, ಸಿಲಿಂಡರ್ ಎರಡನ್ನೂ ಗೇಟಿನಾಚೆ ಇಟ್ಟು ಬಾಗಿಲು ಹಾಕಿಕೊಂಡಿದ್ದರು. ಮೇಷ್ಟ್ರು ತಮ್ಮ ಮೆಟ್ಟಿಲ ಮೇಲೆ ಕೂತು ಕೊನೆಯ ಮನೆಯ ನಗುವನ್ನು ಕತ್ತಲಾಗುವವರೆಗೂ ಕೇಳಿದರು. ತುಂಬ ಬೇಜಾರಾಯಿತು.

ದೀಪ ಹಚ್ಚಿದ ಮೇಲೆ ಶಿವಲಿಂಗಯ್ಯ ಗಾಳಿಗೆಂದು ಆ ಕಡೆ ಬಂದರು.

"ಆ ಸರ್ವೆ ಹುಡುಗಿ ತಲೆ ತಿಂದ್ಬುಟ್ಲು ಮೇಷ್ಟ್ರೇ. ನಮ್ಮವಳು ಬೇರೆ ಕೂರಿಸಿ ಊಟ ಹಾಕಿ ಕಳ್ಸಿದ್ಲು. ಮನೇಲಿ ಒಂದು ಗಳಿಗೆ ನೆಮ್ಮದಿ ಇಲ್ಲ. ನಿಮ್ಮದು ಪುಣ್ಯ ನೋಡಿ, ಯಾರೂ ಬರಲ್ಲ, ಯಾರೂ ಏನೂ ಕೇಳಲ್ಲ. ಎಲ್ಲಾರಿಗೂ ಸಿಗಲ್ಲ ಕಣ್ರೀ ಇದು."

"ಹೌದು ಶಿವಲಿಂಗಯ್ಯನೋರೇ, ಹಂಚಿಕೆ ಸಮವಾಗಿಲ್ಲ" ಎಂದರು ಮೇಷ್ಟ್ರು.