ಮೂರೆಸಳಿನ ಗುಲಾಬಿ, ನನ್ನ ಒಂದು ತಾಸು

ನಾರಾಯಣಗೂಡದ ಕೋಚಿಂಗ್ ಸೆಂಟರಿನ್ಯಾಗ ಗಣಿತ ಹೇಳಾಂವನ ಹಣೇಬರಾನ ಇಷ್ಟು, ಒಂದು ದಿನಾನೂ ಸುಮ್ಮನ ಹೋಗಂಗಿಲ್ಲ. ಊರಿಗೂರ ಕಂಪ್ಯೂಟರ್ ಕೋರ್ಸಿನ ಹಿಂದ ಬಿದ್ದ ಕಾಲ ಅದು. ನಮ್ಮ ಮಾಲಕರು ಬೀದರ ಕಡೆಯವರು. ನನ್ನ ಒಂದು ತಾಸಿನ ಮ್ಯಾಲೂ ಅವರ ಕಣ್ಣು ಬಿದ್ದಿತ್ತು. ಹುಡುಗರಿಗೆ ರುಚಿ ಹತ್ತಿಸಿ ಆ ತಾಸು ಉಳಿಸ್ಕೋಬೇಕಂತ ನಾನು ಗುಲಾಬಿ ವಕ್ರರೇಖೆ, ಅಂದ್ರ ಸೂತ್ರ ಹಾಕಿ ಎಸಳೆಸಳಾಗಿ ಬಿಡಿಸೋ ಹೂವು, ಹಿಡಕೊಂಡೆ.

ಆಫರ್

ಕೋಸೈನ್ ಮೂರು ಥೀಟಾಕ್ಕ ಮೂರು ಎಸಳು ಬಂದ್ವು. ಎರಡು ಥೀಟಾಕ್ಕ ಎಷ್ಟಂತ ಕೇಳಿದೆ. ಎಲ್ಲಾರೂ ಎರಡಂದ್ರು. ಬಿಡಿಸಿದ್ರ ನಾಕು. ನಾನ ಏನೋ ಮೋಸ ಮಾಡೀನಿ ಅನ್ನೋಹಂಗ ನೋಡಾಕತ್ರು. ಮುಂದಿನ ಬೆಂಚಿನ ಹುಡುಗಿ ಎದ್ದು ತೆಲುಗಿನ್ಯಾಗ ತಿಳಿಸಿ ಹೇಳಿದ್ಲು: ಅಬಿಡ್ಸ್ ಬಜಾರದಾಗ ಅಂಗಿಗೆ ಇರ್ತೈತಲ್ಲ, ಹಂಗ ಒಂದಕ್ಕ ಒಂದು ಪುಕ್ಕಟೆ, ಬೆಸ ಸಂಖ್ಯೆಗೆ ಮಾತ್ರ ಆಫರ್ ಇಲ್ಲ. ನಾ ಕಾರಣ ಹೇಳಾಕ ಬಾಯಿ ತೆಗೆಯೂದ್ರಾಗ ಇಡೀ ಕ್ಲಾಸು ಅದನ್ನ ಬರಕೊಂಡಿತ್ತು.

ಎರಡು ಕೋಟ್

ಮೂರೆಸಳಿನ ಕ್ಷೇತ್ರಫಲ ಅದರ ಸುತ್ತಿನ ವರ್ತುಲದ ಕಾಲುಭಾಗ. ಒಬ್ಬ ಹುಡುಗ ಪೂರಾ ಸುತ್ತು ಲೆಕ್ಕಾ ಹಿಡದು ಅರ್ಧ ಅಂತ ಉತ್ತರ ತಂದ. ಅವರಪ್ಪ ಕಲಬುರ್ಗಿಯಿಂದ ಬಂದು ಇಲ್ಲಿ ಅಪಾರ್ಟಮೆಂಟಿಗೆ ಬಣ್ಣ ಹೊಡಿಯಾಂವ. ತಮ್ಮಾ, ಪೂರಾ ಸುತ್ತಿದ್ರ ಪೆನ್ನು ಅದ ಎಸಳಿನ ಮ್ಯಾಲ ಎರಡನೇ ಸಲ ಹೋಗ್ತೈತಿ, ಜಾಗಾ ಹೆಚ್ಚಾಗಂಗಿಲ್ಲ ಅಂದೆ.

"ಅದ ಗೋಡಿಗೆ ಎರಡು ಕೋಟ್ ಹೊಡದ್ರ ನಮ್ಮಪ್ಪ ಎರಡೂ ಲೆಕ್ಕಕ್ಕ ಹಿಡೀತಾನಲ್ರಿ ಸರ," ಅಂದ.



ಮಾಲಕರಿಗೆ ತಿಳೀತು

ಮರುದಿನ ಮಾಲಕರ ಬಂದು ಹಿಂದಿನ ಬೆಂಚಿನ್ಯಾಗ ಕುಂತ್ರು. ಜೀವಾ ತೇದು ಹೇಳಿದೆ: ಅರ್ಧ ಸುತ್ತಿಗೇ ಮೂರೆಸಳು ಪೂರಾ ಆಗ್ತಾವು, ಉಳಿದ ಅರ್ಧ ಸುತ್ತು ಬರೇ ಅವನ್ನ ತಿದ್ದೂದು. ಹುಡುಗರು ಆಕಳಿಸಿದ್ರು. ಮಾಲಕರು ಮಾತ್ರ ಎದ್ದುಬಂದು, ಸೀಮೆಸುಣ್ಣ ಇಸಕೊಂಡು, ತಾವ ಬಿಡಿಸಿದ್ರು. ಒಂದೂ ತಪ್ಪಿಲ್ಲ! ನನಗ ಖರೇನ ಕಣ್ಣಾಗ ನೀರು ಬಂತು. ಇಷ್ಟು ವರ್ಷದಾಗ ತಿಳಕೊಂಡವರು ಇವರೊಬ್ಬರ.

"ಭಾಳ ಚಲೋ ಹೇಳಿದ್ರಿ ಮಾಸ್ತರ," ಅಂದ್ರು ಕೈ ಝಾಡಿಸ್ಕೋತ. "ಅರ್ಧದಾಗ ಎಲ್ಲಾ ಮುಗೀತೈತಿ ಅಂದ್ರ ಉಳಿದರ್ಧ ದಂಡ. ನಾಳಿಂದ ನಿಮ್ಮದು ಅರ್ಧ ತಾಸು. ಉಳಿದದ್ದು ಕಂಪ್ಯೂಟರಿಗೆ."

ಸರ, ಅದು ಬೆಸದ ಹೂವಿಗಷ್ಟ, ನಾಳೆ ನಾಕೆಸಳಿಂದು ಐತಿ, ಅದಕ್ಕ ಪೂರಾ ಸುತ್ತು ಬೇಕಾಗ್ತೈತಿ ಅಂತ ಗೋಗರೆದೆ.

ಬಾಗಿಲ ತನಕ ಹೋಗಿದ್ದವರು ತಿರುಗಿ ನಿಂತ್ರು.

"ಹಂಗಾರ ಬೆಸದ್ದಷ್ಟ ಹೇಳ್ರಿ."