ದೆವ್ವದ ಬಾಗಿಲಲ್ಲಿ ಹೊಗೆಸೊಪ್ಪಿನ ಸಾಹೇಬರು

ನಮ್ಮ ಸೋದರಮಾವನ ಮನೆಯ ದೆವ್ವಗಳಿಗೆ ಹೊಗೆಸೊಪ್ಪಿನ ಬೇಸಾಯ ಬಹಳ ಚೆನ್ನಾಗಿ ಗೊತ್ತು. ನಗಬೇಡಿ! ಸಸಿಮಡಿಗೆ ಯಾವಾಗ ನೀರು ಹಾಕಬೇಕು, ಎಲೆಗೆ ಚುಕ್ಕೆ ಬಿದ್ದರೆ ಏನು ಮಾಡಬೇಕು, ಇದನ್ನೆಲ್ಲ ನಾನು ಕಲಿತದ್ದು ದೆವ್ವದ ಕ್ಯಾಸೆಟ್ಟಿನಿಂದಲೇ.

ತೊಂಬತ್ತರ ದಶಕದಲ್ಲಿ ಹುಣಸೂರು ಕಡೆಯ ಊರುಗಳಲ್ಲಿ ಸೊಪ್ಪಿನ ದುಡ್ಡು ಕೈಗೆ ಬಂದವರು ಮೋಟಾರ್ ಸೈಕಲ್ ಕೊಂಡರು, ಮನೆಗೆ ತಾರಸಿ ಹಾಕಿಸಿದರು. ಮಾವ ವಿಸಿಆರ್ ಕೊಂಡರು! ಅದೂ ಎಂಥ ಚಿತ್ರ ನೋಡಲಿಕ್ಕೆ? ಊರೆಲ್ಲ ಮೆಚ್ಚಿದ ಚಿತ್ರ ಅವರಿಗೆ ಬೇಡ. ದೆವ್ವ, ಹಾರಾಡುವ ತಲೆ, ಹೊಡೆದಾಟದ ಚೀನೀ ಸನ್ಯಾಸಿ, ಹಾವಾಗುವ ಹೆಂಗಸು ಇದ್ದರೆ ಮಾತ್ರ ಅದು ಚಿತ್ರ. ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ‘ಬರೀ ಸಂಸಾರ’.

ಹೊಡೆದಾಟದ ಕ್ಯಾಸೆಟ್ಟಿಗಾಗಿ ಗುರುಪುರದ ಬಳಿಯ ಟಿಬೆಟನ್ ಕ್ಯಾಂಪಿಗೆ ಹೋಗುತ್ತಿದ್ದರು. ಅಲ್ಲಿ ಸ್ವೆಟರ್ ಮಾರುವ ಅಂಗಡಿಯೊಂದರ ಮೂಲೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಕ್ಯಾಸೆಟ್ಟುಗಳಿರುತ್ತಿದ್ದವು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು.

“ಇದ್ರಲ್ಲಿ ಒಡೆದಾಟ ಎಷ್ಟೈತೆ?” ಎಂದರು ಮಾವ.

“ಪೂರಾ ಹೊಡೆದಾಟ ಅಣ್ಣಾ. ಕಥೆ ಸ್ವಲ್ಪನೂ ಇಲ್ಲ,” ಎಂದ ಅಂಗಡಿಯವನು.

“ಮಾತು ಯಾವ ಭಾಷೆ?”

“ನಮಗೂ ಗೊತ್ತಿಲ್ಲ.”

“ಅಂಗಾದ್ರೆ ಕೊಡು!”

ಮಳೆಗಾಲ ಬಂದರೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ಬೇರೆಯವರಾಗಿದ್ದರೆ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ನಮ್ಮ ಮಾವ ಬ್ಯಾರನ್ ಇರುವ ರೈತ! ಬ್ಯಾರನ್ ಅಂದರೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಮಾಡಿ ಹರಾಜಿಗೆ ಹದಗೊಳಿಸುವ ಎತ್ತರದ ಮನೆ. ಸೊಪ್ಪಿನ ಜೊತೆಗೆ ಬೂಷ್ಟು ಹಿಡಿದ ಸನ್ಯಾಸಿಯನ್ನೂ ನೇತುಹಾಕಿಬಿಟ್ಟರು. ಸೊಪ್ಪು ಹೊಂಬಣ್ಣಕ್ಕೆ ಬಂತು, ಸನ್ಯಾಸಿ ಹಪ್ಪಳವಾದ. ಆಮೇಲೆ ಅದನ್ನು ಹಾಕಿದಾಗ ಅವನು ಗಾಳಿಯಲ್ಲಿ ಹಾರಿದವನು ಕೆಳಗಿಳಿಯಲೇ ಇಲ್ಲ; ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡವನಂತೆ ಊಂಗುಡುತ್ತಾ ಅಲ್ಲೇ ನಿಂತ.

“ಎಸೀಬ್ಯಾಡಿ,” ಎಂದರು ಅತ್ತೆ. “ಬಣ್ಣ ಚೆನ್ನಾಗ್ ಬಂದೈತೆ. ಸೊಪ್ಪಿನ್ ಜೊತೆ ಅರಾಜಿಗೆ ಆಕಣ.”

ಅಂದಿನಿಂದ ಕ್ಯಾಸೆಟ್ಟುಗಳೆಲ್ಲ ನಡುಮನೆಗೆ ಬಂದವು. ಇಲಿ ಮುಟ್ಟಬಾರದೆಂದು ಗೋಣಿಚೀಲಕ್ಕೆ ತುಂಬಿ, ತೊಲೆಯಲ್ಲಿದ್ದ ಹಳೆಯ ಕಬ್ಬಿಣದ ಕೊಂಡಿಗೆ ನೇತುಹಾಕಿದರು. ಗಾಳಿ ಬಂದಾಗ ಚೀಲ ನಿಧಾನಕ್ಕೆ ತೂಗುತ್ತಿತ್ತು. ನಮ್ಮ ದೆವ್ವಗಳು ಹಗಲೆಲ್ಲ ಅದರೊಳಗೆ ನಿದ್ದೆ ಮಾಡುತ್ತವೆ ಎಂದುಕೊಂಡಿದ್ದೆ.

ಆ ಚೀಲದ ರಾಣಿಯೆಂದರೆ ಮಾವ ಟೀವಿಯಿಂದ ತಾವೇ ಟೇಪ್ ಮಾಡಿದ್ದ ಒಂದು ಹಿಂದಿ ದೆವ್ವದ ಧಾರಾವಾಹಿ. ಪಾಳು ಬಂಗಲೆ, ಅದರಲ್ಲಿ ಒಂದು ಹೆಣ್ಣು ದೆವ್ವ; ಮಾಲೀಕನ ಪಂಚೆ ಎಳೆಯುವುದು, ಅವನ ಊಟದ ತಟ್ಟೆ ಹಾರಿಸುವುದು ಅದರ ಕಸುಬು. ಅತ್ತೆಗೆ ಅದೆಂದರೆ ಪ್ರಾಣ. “ಆ ಪಂಚೆ ಎಳೆಯೋಳ್ನ ಆಕ್ಲಾ,” ಎನ್ನುತ್ತಾ ಅವರೆಕಾಯಿ ಸುಲಿಯಲು ಕೂರುತ್ತಿದ್ದರು. ಆದರೆ ಬಂಗಲೆಯಲ್ಲೊಂದು ಮಹಡಿಯ ಕೋಣೆಯಿತ್ತು. ದೆವ್ವ ಮೆಟ್ಟಿಲು ಹತ್ತುತ್ತದೆ. ಬಾಗಿಲು ಕಿರ್ರ್ ಎನ್ನುತ್ತದೆ. ನಾವು ಉಸಿರು ಬಿಗಿ ಹಿಡಿಯುತ್ತೇವೆ. ಬಾಗಿಲು ತೆರೆಯುತ್ತದೆ...

“ರೈತ ಬಾಂಧವರೇ, ಹೊಗೆಸೊಪ್ಪಿನ ಸಸಿಮಡಿಗೆ ಸಂಜೆಯ ಹೊತ್ತು ನೀರು ಕೊಡುವುದು ಒಳ್ಳೆಯದು.”

ಕನ್ನಡಕ ಹಾಕಿದ ಒಬ್ಬ ಕೃಷಿ ಅಧಿಕಾರಿ! ಆತ ಸಾವಧಾನವಾಗಿ ಮಾತಾಡಿ ಮುಗಿಸುವಷ್ಟರಲ್ಲಿ ದೆವ್ವ ಕೆಳಗಿಳಿದು ಮತ್ತೆ ಪಂಚೆ ಎಳೆಯುತ್ತಿರುತ್ತಿತ್ತು. ಪ್ರತಿ ಸಲವೂ ಇದೇ! ಆ ಬಾಗಿಲು ತೆರೆದಾಗಲೆಲ್ಲ ಸಾಹೇಬರು ಹಾಜರು. ಸಂಜೆಯ ಕೃಷಿ ಕಾರ್ಯಕ್ರಮ ಬರುವ ಹೊತ್ತಿಗೆ ಮಾವ ಕ್ಯಾಸೆಟ್ಟನ್ನು ಸರಿಯಾಗಿ ಆ ಬಾಗಿಲಿಗೇ ತಂದು ನಿಲ್ಲಿಸಿ, ಗುಂಡಿ ಅದುಮಿ, ಅದರ ಮೇಲೆಯೇ ಟೇಪ್ ಮಾಡಿದ್ದರು.

ಊರಲ್ಲಿ ಸುದ್ದಿ ಹಬ್ಬಿತು. “ದೆವ್ವದ್ ಕ್ಯಾಸೆಟ್ ಮಡಿಕಂಡು ದೆವ್ವಕ್ಕೇ ಎದರ್ತಾನಲ್ಲ ನಿಮ್ ಮಾವ!” ಎಂದು ಕ್ಷೌರದಂಗಡಿಯಲ್ಲಿ ನನ್ನನ್ನು ಹಿಡಿದು ನಗುತ್ತಿದ್ದರು. ನಾನೇನು ಕಡಿಮೆಯೇ? ನನಗೆ ಸ್ವಂತ ಬುದ್ಧಿ ಕಡಿಮೆ ಇರಬಹುದು, ಕಂಡವರ ಗಂಟಲೆಲ್ಲ ನನ್ನದೇ. ಹೆಡ್ಮೇಷ್ಟರು, ಪಿರಿಯಾಪಟ್ಟಣದ ಬಸ್ ಕಂಡಕ್ಟರ್, ನೆಗಡಿಯಾದ ನಾನು, ಎಲ್ಲರನ್ನೂ ಅಣಕಿಸುತ್ತಿದ್ದೆ. ಸಾಹೇಬರಂತೂ ನನ್ನ ಪಟ್ಟದ ಪಾತ್ರ. ಶಾಲೆಯಲ್ಲಿ ಬಾಗಿಲು ಕಿರ್ರ್ ಎಂದರೆ ಸಾಕು, ಹಿಂದಿನ ಬೆಂಚಿನಿಂದ “ರೈತ ಬಾಂಧವರೇ” ಹೊರಡುತ್ತಿತ್ತು. ಒಮ್ಮೆ ಬಾಗಿಲು ತೆರೆದವರು ಹೆಡ್ಮೇಷ್ಟರೇ ಆಗಿದ್ದರು. ಆ ವಿಷಯ ಬೇಡ ಬಿಡಿ.

ಆದರೂ ನನಗೆ ತಡೆಯದ ಕುತೂಹಲ. ಬಾಗಿಲ ಹಿಂದೆ ಏನಿತ್ತು? ಕೋರೆಹಲ್ಲೇ? ತಲೆಯಿಲ್ಲದ ದೇಹವೇ? ಮಾವನನ್ನೇ ಕೇಳಿದೆ.

“ಏನೂ ಇಲ್ಲ ಕಣ್ಲಾ. ಸುಮ್ಕೆ ಬುಡು.”

“ಅಲ್ಲ ಮಾವಾ, ಮುಚ್ಚೋದೇ ಆದ್ರೆ ಒಂದು ಚಿತ್ರಗೀತೆನಾದ್ರೂ ಹಾಕಬೌದಿತ್ತಲ್ಲ?”

“ಚಿತ್ರಗೀತೇಲಿ ಅಳ್ತಾರೆ. ಸೊಪ್ಪಿನ್ ಇಚಾರ್ದಲ್ಲಿ ಯಾರೂ ಅಳಕಿಲ್ಲ.”

“ಅರಾಜಿನ್ ದಿನ ಓಗಿ ನೋಡು, ಗೊತ್ತಾಗ್ತದೆ,” ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಕಾಲ ಸರಿಯಿತು. ವಿಸಿಆರ್ ಹೋಗಿ ವಿಸಿಡಿ ಬಂತು, ಅದೂ ಹೋಗಿ ಡಿವಿಡಿ ಬಂತು. ನಾನು ಮೈಸೂರಿನಲ್ಲಿ ಕಾಲೇಜಿಗೆ ಸೇರಿದೆ. ಒಂದು ದಿನ ಅಂಗಡಿಯೊಂದರ ಗಾಜಿನ ಹಿಂದೆ ಏನು ಕಂಡೆ ಗೊತ್ತೆ? ಅದೇ ಬಂಗಲೆ! ಅದೇ ದೆವ್ವ! ‘ಎಲ್ಲ ಕಂತುಗಳೂ, ಪೂರ್ತಿಯಾಗಿ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರ. ಸಿನಿಮಾಕ್ಕೆಂದು ಇಟ್ಟಿದ್ದ ಕಾಸೆಲ್ಲ ಕೊಟ್ಟು ತಂದೆ. ಮೊದಲು ಒಬ್ಬನೇ ನೋಡಲಿಲ್ಲ. ನೋಡಿದರೆ ಮಾವನ ಮುಖ ನೋಡುವ ಮಜಾ ಎಲ್ಲಿ?

ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಡಬ್ಬಿ ಹಿಡಿದು ನಿಂತೆ. “ಇವತ್ತು ಬಾಗಿಲು ಪೂರ್ತಿ ತೆಗೀತದೆ!”

ಅತ್ತೆ ಅವರೆಕಾಯಿ ಮೊರ ತಂದು ಕೂತರು. ಮಾವ ಮಾತ್ರ ಎದ್ದು ನಿಂತರು. “ಕರೆಂಟ್ ಓಗೋ ಒತ್ತು ಕಣ್ಲಾ. ಈಗ್ ಬ್ಯಾಡ.”

“ಹೋದ್ರೆ ಬರ್ತದೆ, ಕೂತ್ಕೊಳಿ ಮಾವಾ!” ಎಂದು ನಾನೇ ಅವರನ್ನು ಕೂರಿಸಿದೆ.

ದೆವ್ವ ಪಂಚೆ ಎಳೆಯಿತು. ಅತ್ತೆ ನಕ್ಕರು. ದೆವ್ವ ಮೆಟ್ಟಿಲು ಹತ್ತಿತು. ಬಾಗಿಲು ಕಿರ್ರ್ ಎಂದಿತು, ತೆರೆಯಿತು.

ಕೋರೆಹಲ್ಲು ಇರಲಿಲ್ಲ. ಕೋಣೆಯ ನಡುವೆ ಒಂದು ತೊಟ್ಟಿಲಿತ್ತು, ಬರಿದಾದ ತೊಟ್ಟಿಲು. ದೆವ್ವ ಅದರ ಪಕ್ಕ ಕೂತು ಮೆಲ್ಲಗೆ ತೂಗುತ್ತಾ ಲಾಲಿ ಹಾಡತೊಡಗಿತು.

ನಾನು ಮಾವನ ಕಡೆ ತಿರುಗಿದೆ. ಅವರು ಟೀವಿ ನೋಡುತ್ತಿರಲಿಲ್ಲ. ತೊಲೆಯ ಕೊಂಡಿ ನೋಡುತ್ತಿದ್ದರು. ನಾನು ಹುಟ್ಟುವ ಮೊದಲು ಆ ಮನೆಯಲ್ಲಿ ಒಂದು ಕೂಸಿತ್ತು, ತೊಟ್ಟಿಲಲ್ಲಿರುವಾಗಲೇ ಹೋಯಿತು ಎಂದು ಅವ್ವ ಎಂದೋ ಒಂದು ಸಲ ಹೇಳಿ, ಮತ್ತೆ ಆ ಮಾತೆತ್ತಬೇಡ ಎಂದಿದ್ದಳು. ಆ ಕೊಂಡಿ ಯಾತಕ್ಕಿತ್ತು ಎಂದು ನನಗೆ ಹೊಳೆದದ್ದು ಆಗಲೇ.

ರಿಮೋಟು ಎಲ್ಲಿಟ್ಟೆನೋ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಗಂಟಲೊಂದೇ. ಎದ್ದು ಟೀವಿಗೆ ಅಡ್ಡ ನಿಂತು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿ ಕೂಗಿದೆ:

“ರೈತ ಬಾಂಧವರೇ! ಹೊಗೆಸೊಪ್ಪಿನ ಸಸಿಮಡಿಗೆ ಬೆಳಗಿನ ಹೊತ್ತು ನೀರು ಕೊಡುವುದು ಒಳ್ಳೆಯದು! ಎಲೆಗೆ ಚುಕ್ಕೆ ಬಿದ್ದಲ್ಲಿ...”

ಲಾಲಿ ಮುಗಿಯುವ ತನಕ ಬಾಯಿಗೆ ಬಂದ ಬೇಸಾಯವನ್ನೆಲ್ಲ ಮಾಡಿದೆ. ಅತ್ತೆ ಮೊದಲು ಬೆಚ್ಚಿದರು. ಆಮೇಲೆ ನಗತೊಡಗಿದರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನೀನೂ ಇವರ ಪಾಲ್ಟಿ ಸೇರ್ಕಂಡ್ಯೇನ್ಲಾ? ಇವರು ಟೇಪ್ ಮಾಡೋವಾಗ ನಾನು ಒಲೆ ಮುಂದೆ ಇದ್ದೆ. ಕಣ್ಣಿಗೆ ಬೀಳದಿದ್ರೆ ಕಿವಿಗೂ ಬೀಳಕಿಲ್ವಾ? ಆ ಲಾಲಿ ಆವತ್ತೇ ಕೇಳಿದ್ದೆ.”

ಮಾವ ತಲೆ ತಗ್ಗಿಸಿದರು. “ಮತ್ತೆ ಏಳ್ನೇ ಇಲ್ವಲ್ಲ ನೀನು?”

“ಏನಂತ ಏಳ್ಲಿ? ಆಪಾಟಿ ಕಷ್ಟಬಿದ್ದು ಆ ಕನ್ನಡಕದ ಯಪ್ಪನ್ನ ತಂದು ನಿಲ್ಸಿದ್ರಿ. ಪಾಪ, ನಿಂತ್ಕಳ್ಳಿ ಅಂತ ಬುಟ್ಟೆ.”

ಅವರೆಕಾಳು ಮೊರದಲ್ಲಿ ಬೀಳುವ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ನೋಡಿದರೆ, ಸುಲಿಯುತ್ತಿದ್ದವರು ಇಬ್ಬರು. ಜೀವಮಾನದಲ್ಲಿ ಅವರೆಕಾಯಿ ಮುಟ್ಟದ ನಮ್ಮ ಮಾವ ಮೊರಕ್ಕೆ ಕೈ ಹಾಕಿದ್ದರು. ಹಾಗೇ ತಲೆಯೆತ್ತದೆ ನನ್ನನ್ನು ಗದರಿಸಿದರು:

“ನೀರು ಬೆಳಿಗ್ಗೆ ಅಂದ್ಯಲ್ಲೋ ದಡ್ಡ. ಆಯಪ್ಪ ಸಂಜೆ ಅಂದಿದ್ದ. ಇನ್ನೂ ಒಂದ್ಸಲ ಆ ಬಾಗ್ಲು ತೆಗೀತದೆ, ಆಗ ಸರಿಯಾಗ್ ಏಳು.”