ಓಣಿ ಯುದ್ಧದ ಹದಿನಾರಾಣೆ ತಪ್ಪಿನ ಹಂಚಿಕೆ

ಕಲಹ ಹೊಣೆ ವಿಲೇವಾರಿ ಇಲಾಖೆ
(ಕಚೇರಿ ನಾರಾಯಣಪೇಟೆ, ಅಧಿಕಾರಿಗಳ ವಾಸ ಮಕ್ತಲ್, ಗದ್ವಾಲದಲ್ಲಿ ಬೋರ್ಡು ಮಾತ್ರ)

ಸಂಖ್ಯೆ: ಕಹೊವಿ/ಓಣಿ/ತಪ್ಪು/2019

ವಿಷಯ: ನೇಕಾರರ ಓಣಿಯಲ್ಲಿ ಜರುಗಿದ ಯುದ್ಧವನ್ನು ಆರಂಭಿಸಿದ ತಪ್ಪನ್ನು ಅರ್ಹರಿಗೆ ಹಂಚುವ ಕುರಿತು.

ಉಲ್ಲೇಖ:
ಅ) ಶೇಂಗಾ ವ್ಯಾಪಾರಿ ಅಯ್ಯಣ್ಣನವರ ದೂರು.
ಆ) ಅದೇ ಗಳಿಗೆಯಲ್ಲಿ ನೇಕಾರರ ಹಿರಿಯ ಮಾರ್ಕಂಡೇಯ ಅವರು ಕೊಟ್ಟ ದೂರು.
ಇ) ನೇಕಾರ್ತಿ ಬುಚ್ಚಮ್ಮನವರು ಅಂದಿನಿಂದ ಕಚೇರಿಯ ಮೆಟ್ಟಿಲ ಮೇಲೆ ಕುಳಿತೇ ಇರುವುದು.

ಹೊಸ ರಾಜ್ಯ ಬಂದಿದೆ, ಹೊಸ ಜಿಲ್ಲೆಯೂ ಬಂದಿದೆ. ತಪ್ಪು ಅಳೆಯುವ ಹೊಸ ಮಾಪನ ಮಾತ್ರ ಇನ್ನೂ ಮಂಜೂರಾಗಿಲ್ಲ. ಆದಕಾರಣ ನಿಜಾಮರ ಕಾಲದ ಪದ್ಧತಿಯಂತೆ ಒಟ್ಟು ತಪ್ಪನ್ನು ಹದಿನಾರಾಣೆ ಎಂದು ಪರಿಗಣಿಸಿ, ಈ ಮೂಲಕ ಸಕಲರಿಗೂ ಸೂಚಿಸುವುದೇನೆಂದರೆ:

1. ಬುಚ್ಚಮ್ಮನವರು ಮಗಳು ರಜಿನಿಯ ಮದುವೆ ಸೀರೆಗೆಂದು ನಸುಕಿನಲ್ಲಿ ಹಾಸು ಎಳೆದಿದ್ದರು. ಅಂದರೆ ಮಗ್ಗಕ್ಕೆ ಏರಿಸಬೇಕಾದ ನೂಲನ್ನು ಓಣಿಯುದ್ದಕ್ಕೂ ಬಿಗಿದು ಗಂಜಿ ಸವರುತ್ತಿದ್ದರು. ಊರ ಹೆಣ್ಣುಮಕ್ಕಳಿಗೆಲ್ಲ ನೇಯ್ದುಕೊಟ್ಟ ಈಕೆ ತನ್ನ ಮನೆಗೆಂದು ನೇಯಲು ಹೊರಟಿದ್ದು ಇದೇ ಮೊದಲು. ಅಯ್ಯಣ್ಣನವರು ಒಣಹಾಕಿದ್ದ ಶೇಂಗಾ ಈ ಹಾಸಿನ ಕೆಳಗೆ ಗೇಣಿನಷ್ಟು ಅತಿಕ್ರಮಿಸಿತು. ಮಾರ್ಕಂಡೇಯ ಅವರು ಅದನ್ನು ಪೊರಕೆಯಿಂದ ಹಿಂದಕ್ಕೆ ಸರಿಸಿದರು. ಇದು ಯುದ್ಧದ ಆರಂಭವೆಂದು ಅಯ್ಯಣ್ಣನವರೂ, ಶಾಂತಿಯ ಕಡೆಯ ಪ್ರಯತ್ನವೆಂದು ಮಾರ್ಕಂಡೇಯ ಅವರೂ ನಮೂದಿಸಿದ್ದಾರೆ.

2. ನೇಕಾರರಲ್ಲಿ ಒಬ್ಬರ ಹಾಸು ಹಿಡಿಯಲು ಇನ್ನೊಬ್ಬರು ಮುಯ್ಯಾಳಾಗಿ ಬರುವ ವಾಡಿಕೆಯಿದೆ. ಹಾಸು ಹಿಡಿಯಲು ಬಂದವರು ಜಗಳಕ್ಕೂ ಬರತಕ್ಕದ್ದು ಎಂಬ ಕರಾರಿನಂತೆ ಗದ್ವಾಲದ ನೇಕಾರರು ಟೆಂಪೋದಲ್ಲಿ ಬಂದಿಳಿದರು. ಅಯ್ಯಣ್ಣನವರ ಪರವಾಗಿ ಕೋಸಗಿಯ ವ್ಯಾಪಾರಿಗಳು ಬಸ್ಸಿನಲ್ಲಿ ಬಂದರು. ಜಗಳ ಯಾತಕ್ಕೆಂದು ಬಂದವರಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಹಾಗೇ ವಾಪಸು ಹೋಗಲು ನಾಚಿಕೆಯಾಯಿತೆಂದು ಉಭಯ ಮಿತ್ರಕೂಟಗಳೂ ಒಪ್ಪಿಕೊಂಡಿವೆ.

3. ಮಕ್ತಲ್‌ನ ಶರಣಯ್ಯನವರು ಕಡೆಯವರೆಗೂ ತಟಸ್ಥರಾಗಿದ್ದು, ಎರಡೂ ಕಡೆಗೆ ಒಂದೇ ದರದಲ್ಲಿ ಬಡಿಗೆ ಮಾರಿದ್ದಾರೆ. ಈ ನಿಷ್ಪಕ್ಷಪಾತವನ್ನು ಮೆಚ್ಚಿ ಅವರನ್ನೇ ತಪ್ಪು ಹಂಚಿಕೆ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಗಿದೆ.

4. ಅಯ್ಯಣ್ಣನವರ ಹೇಳಿಕೆ: "ನಾ ಮೊದ್ಲು ಹೊಡ್ದಿಲ್ರಿ. ಅವ್ರು ಹೊಡ್ಯಾಕ ಬರಾಕತ್ಯಾರಂತ ಖಬರ್ ಬಂತು. ಅದಕ ಅವ್ರಕಿಂತ ಮೊದ್ಲ ನಾ ತಿರುಗಿ ಹೊಡ್ದೀನ್ರಿ." ಈ ವಾದವು ದೊಡ್ಡ ದೊಡ್ಡ ದೇಶಗಳಲ್ಲೂ ಚಾಲ್ತಿಯಲ್ಲಿರುವ ಕಾರಣ ಅಂಗೀಕರಿಸಲಾಗಿದೆ.

5. ತದನಂತರ ಉಭಯ ಪಕ್ಷಗಳೂ ಹಾಸನ್ನು ರಕ್ಷಿಸುವ ಸದುದ್ದೇಶದಿಂದ ಒಂದೊಂದು ತುದಿ ಹಿಡಿದು ಜಗ್ಗಿದವು. ಹಾಸು ನಡುವೆ ಹರಿಯಿತು. ಬುಚ್ಚಮ್ಮನವರು ಗಂಜಿಯ ಕುಂಚ ಹಿಡಿದು ನಿಂತೇ ಇದ್ದರು. ಇದನ್ನು ಬರೆಯುವಾಗ ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಎರಡು ಸಲ ಲೇಖನಿ ಕೆಳಗಿಟ್ಟಿದ್ದು, ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲದ್ದರಿಂದ ಕೈಬಿಡಲಾಗಿದೆ. ಹಾಸಿನ ಎರಡು ತುಂಡುಗಳು ಸಾಕ್ಷ್ಯವಾಗಿ ಎರಡು ಪಕ್ಷಗಳ ವಶದಲ್ಲಿವೆ.

6. ಸಮಿತಿಯು ಆರಾಣೆ ಅಯ್ಯಣ್ಣನವರಿಗೆ, ಆರಾಣೆ ಮಾರ್ಕಂಡೇಯ ಅವರಿಗೆ, ಉಳಿದದ್ದನ್ನು ಕೋಸಗಿ ಮತ್ತು ಗದ್ವಾಲಕ್ಕೆ ಸಮನಾಗಿ ಹಂಚಿತ್ತು. ಕರೆದಿದ್ದಕ್ಕೆ ಬಂದೆವಷ್ಟೇ ಎಂದು ಮಿತ್ರರು ಆಕ್ಷೇಪಿಸಿದರು. ಅವರ ಪಾಲು ಮನ್ನಾ. ಮಾರ್ಕಂಡೇಯ ಅವರು, "ಗದ್ವಾಲದವ್ರು ಬರದಿದ್ರ ನಾ ಪೊರಕಿ ಒಗ್ದು ಮನಿಗಿ ಹೋಗ್ತಿದ್ದೆ. ಬೆನ್ನಿಗಿ ಮಂದಿ ಐತಿ ಅಂತ ಧೈರ್ಯ ಬಂತ್ರಿ" ಎಂದರು. ಅಯ್ಯಣ್ಣನವರೂ ಅದನ್ನೇ ಹೇಳಿದರು. ಅವರ ಪಾಲೂ ಮನ್ನಾ.

7. ಹೀಗಾಗಿ ಹದಿನಾರಾಣೆ ತಪ್ಪೂ ವಾರಸುದಾರರಿಲ್ಲದೆ ಕಚೇರಿಯಲ್ಲಿ ಉಳಿಯಿತು. ವಾರಸಿಲ್ಲದ ತಪ್ಪು ಇಲಾಖೆಗೇ ಸೇರುತ್ತದೆಂಬ ನಿಯಮವಿರುವ ಕಾರಣ ಸಿಬ್ಬಂದಿ ತೀವ್ರ ಆತಂಕಕ್ಕೊಳಗಾದರು. ಮಿತ್ರಕೂಟವಿಲ್ಲದ, ಆಕ್ಷೇಪಣೆ ಸಲ್ಲಿಸದ ವ್ಯಕ್ತಿಯನ್ನು ತುರ್ತಾಗಿ ಹುಡುಕಲು ಆದೇಶಿಸಲಾಯಿತು. ಅಂಥವರು ಮೆಟ್ಟಿಲ ಮೇಲೆಯೇ ಸಿಕ್ಕರು.

8. ಬುಚ್ಚಮ್ಮನವರ ಹೇಳಿಕೆ: "ಹದಿನಾರಾಣೆನೂ ನನ್ನ ಮ್ಯಾಲೇ ಹಾಕ್ರಿ ಸಾಬ್, ನನ್ನದೇನ್ ತಕರಾರಿಲ್ಲ. ನನ್ನ ಹಾಸು ನನಗ ಕೊಡಸ್ರಿ. ಕೂತು ಎಳಿ ಎಳಿ ಗಂಟ್ ಹಾಕ್ತೀನಿ. ಹುಡುಗಿ ಮದ್ವಿಗಿ ಸೀರಿ ನೇಯ್ಬೇಕ್ರಿ." ಹೇಳಿಕೆಯ ಮೊದಲ ವಾಕ್ಯವನ್ನು ಕೃತಜ್ಞತೆಯೊಂದಿಗೆ ಸ್ವೀಕರಿಸಲಾಗಿದೆ. ಉಳಿದ ವಾಕ್ಯಗಳು ಈ ಸುತ್ತೋಲೆಯ ವಿಷಯಕ್ಕೆ ಸಂಬಂಧಿಸಿರುವುದಿಲ್ಲ.

9. ತಪ್ಪು ಇತ್ಯರ್ಥವಾದ ಕಾರಣ ಉಭಯ ಪಕ್ಷಗಳನ್ನೂ ವಿಜಯಿಗಳೆಂದು ಘೋಷಿಸಲಾಗಿದೆ. ವಿಜಯದ ಗುರುತಾಗಿ ತಮ್ಮ ವಶದಲ್ಲಿರುವ ಹಾಸಿನ ತುಂಡನ್ನು ಅಂಗಡಿ ಬಾಗಿಲಿಗೆ ಅಯ್ಯಣ್ಣನವರೂ, ನೇಕಾರರ ಸಂಘದ ಬಾಗಿಲಿಗೆ ಮಾರ್ಕಂಡೇಯ ಅವರೂ ತೋರಣವಾಗಿ ಕಟ್ಟತಕ್ಕದ್ದು. ಬಿಚ್ಚಿದವರ ಮೇಲೆ ಶಾಂತಿಭಂಗದ ಕ್ರಮ ಜರುಗಿಸಲಾಗುವುದು.

(ಸಹಿ ಇದೆ, ಓದಲು ಬರುವುದಿಲ್ಲ)
ಹೊಣೆ ವಿಲೇವಾರಿ ಅಧಿಕಾರಿ

ಪ್ರತಿಗಳು:
ಅಯ್ಯಣ್ಣನವರಿಗೆ, ಅಭಿನಂದನೆಗಳೊಂದಿಗೆ.
ಮಾರ್ಕಂಡೇಯ ಅವರಿಗೆ, ಅಷ್ಟೇ ತೂಕದ ಅಭಿನಂದನೆಗಳೊಂದಿಗೆ.
ಶರಣಯ್ಯನವರಿಗೆ, ಮುಂದಿನ ಯುದ್ಧದ ಬಡಿಗೆಗಳ ದರಪಟ್ಟಿ ಕಳುಹಿಸುವ ಕೋರಿಕೆಯೊಂದಿಗೆ.
ಬುಚ್ಚಮ್ಮನವರಿಗೆ, ಮೆಟ್ಟಿಲು ಖಾಲಿ ಮಾಡುವ ಸಲುವಾಗಿ.
ವಧು ರಜಿನಿಯವರಿಗೆ, ತಾಯಿಯ ತಪ್ಪಿನಿಂದಾಗಿ ಅಂಗಡಿಯ ಸೀರೆ ಉಡತಕ್ಕದ್ದೆಂಬ ತಿಳುವಳಿಕೆಗಾಗಿ.